ಗೂಟದ ಮೇಲಿನ ಖಾಕಿ ಅಂಗಿ

ಟ್ರ್ಯಾಕ್ಟರ್ ಮೆಕ್ಯಾನಿಕ್ ಶುದ್ಧ ಪುಕ್ಕಲನೆಂದು ಹೆಡ್‌ಮೇಷ್ಟ್ರು ತೀರ್ಮಾನಿಸಿ ಹತ್ತು ವರ್ಷವಾಗಿತ್ತು. ತೀರ್ಮಾನ ಕೊಡುವುದೇ ಅವರ ಉದ್ಯೋಗ. ನಿವೃತ್ತಿಯಾಗಿದ್ದು ಶಾಲೆಯಿಂದ ಮಾತ್ರ.

ಅವರ ಮುದಿ ಟ್ರ್ಯಾಕ್ಟರಿನ ಹಿಂದಿನ ಆಕ್ಸಲ್‌ನಿಂದ ಎಣ್ಣೆ ಸೋರುತ್ತಿತ್ತು. ಮೆಕ್ಯಾನಿಕ್ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟ. ಗಟ್ಟಿ ನೆಲ ನೋಡಿ ಜಾಕ್ ಇಟ್ಟು ಎತ್ತಿದ. ಆಮೇಲೆ ದಿಮ್ಮಿ ತರಲು ಶೆಡ್ಡಿನೊಳಗೆ ಹೋದ. ಪ್ರತಿ ಸಲವೂ ಇದೇ ಶಾಸ್ತ್ರ. ಆಕ್ಸಲ್ಲಿನ ಎರಡೂ ಕಡೆ ದಿಮ್ಮಿ ಪೇರಿಸಬೇಕು, ಭಾರವನ್ನೆಲ್ಲ ಅವುಗಳ ಮೇಲಿಳಿಸಬೇಕು, ಭುಜ ಕೊಟ್ಟು ಅಲ್ಲಾಡಿಸಿ ನೋಡಬೇಕು. ಕೊನೆಗೆ ಶೆಡ್ಡಿನ ಗೂಟದಲ್ಲಿ ತೂಗುತ್ತಿದ್ದ ಖಾಕಿ ಅಂಗಿಯನ್ನೊಮ್ಮೆ ನೋಡಿ ಕೆಳಗೆ ತೂರುತ್ತಿದ್ದ. ಅಂಗಿ ಅವನಿಗೆ ಬಲು ಸಣ್ಣದು. ಹೊಟ್ಟೆ ಬಂದರೂ ಹಳೇ ಅಂಗಿಯ ಆಸೆ ಬಿಟ್ಟಿಲ್ಲವೆಂದು ಮೇಷ್ಟ್ರು ಅದಕ್ಕೂ ತೀರ್ಮಾನ ಕೊಟ್ಟಿದ್ದರು.

ಇವತ್ತು ಅವರ ತಾಳ್ಮೆ ಕೆಟ್ಟಿತು. ಧೈರ್ಯದ ಪಾಠ ಮಾಡಿಯೇಬಿಡೋಣವೆಂದು ಸ್ಪ್ಯಾನರ್ ಹಿಡಿದು ತಾವೇ ಟ್ರ್ಯಾಕ್ಟರಿನಡಿ ತೂರಿದರು. ಶೆಡ್ಡಿನ ಬಾಗಿಲಲ್ಲಿ ದಿಮ್ಮಿಗಳು ದಡಕ್ಕನೆ ನೆಲಕ್ಕೆ ಬಿದ್ದ ಸದ್ದಾಯಿತು. ಮರುಕ್ಷಣವೇ ಮೆಕ್ಯಾನಿಕ್ ಅವರ ಎರಡೂ ಕಾಲು ಹಿಡಿದು, ಮೂಟೆಯಂತೆ ಹೊರಗೆಳೆದ. ಎಳೆದ ಮೇಲೂ ಬಿಡಲಿಲ್ಲ.

“ಕಾಲು ಬಿಡೋ, ಪುಕ್ಕಲ! ಐದು ನಿಮಿಷದ ಕೆಲಸಕ್ಕೆ ಜಾಕ್ ಒಂದೇ ಸಾಕಾಗಲ್ವೇನೋ?”

“ಆ ಅಂಗಿ ನನ್ನ ತಮ್ಮಂದು, ಮೇಷ್ಟ್ರೇ. ಐದು ನಿಮಿಷದ ಕೆಲಸ, ಜಾಕ್ ಸಾಕು ಅಂತ ನಾನೇ ಅವನನ್ನ ಕೆಳಗೆ ಕಳಿಸಿದ್ದು. ಜಾಕ್ ಜಾರ್ತು.”