ಬೈಕಲಾದಲ್ಲಿ ಕಾಫಿ ಬೇಡವೆಂದ ಎಬ್ಬಣ್ಣ

ಇಲ್ಲ... ಇದನ್ನು ನಾನು ಒಪ್ಪುವುದಿಲ್ಲ.

ಮಧ್ಯಾಹ್ನ ಫೋನ್ ಬಂತು. ನಮ್ಮ ಎಬೆನೇಜರ್ ಇನ್ನಿಲ್ಲ ಅಂದರು.
ಯಾವ ಎಬೆನೇಜರ್ ಎಂದು ಕೇಳಿದೆ.
ನನಗೆ ಗೊತ್ತಿರುವುದು ಒಬ್ಬನೇ ಎಬೆನೇಜರ್... ಆದರೂ ಕೇಳಿದೆ.

ನಮ್ಮ ಚರ್ಚಿನ ಸಭೆಯ ವಾಟ್ಸಾಪ್ ಗ್ರೂಪಿನಲ್ಲಿರುವ ಚಿಕ್ಕವರಿಗೆ ಅವನು 'ಮುಲುಂಡ್ ಅಜ್ಜ'.
ನನಗೆ ಎಬ್ಬಣ್ಣ.
ಐವತ್ತರ ದಶಕದಲ್ಲಿ ಬೊಂಬಾಯಿಯ ಮುಲುಂಡಿನ, ವಠಾರದಂಥ ಒಂದು ಚಾಳ್‌ನಲ್ಲಿ ಒಂದೇ ಕೋಣೆ, ಒಂದೇ ಕನ್ನಡಿ, ಇಬ್ಬರು ಬ್ರಹ್ಮಚಾರಿಗಳು.
ಅವನು ಮಿಲ್ಲಿನ ಗುಮಾಸ್ತ. ನಾನು ಮಂಗಳೂರು ಹಂಚು ಮಾರುವವನು. ಬಂಡವಾಳ ಬರೀ ಬಾಯಿ.

ಎಬ್ಬಣ್ಣನಿಗೆ ಆಗ ಒಂದು ಅಭ್ಯಾಸ.
ಬೆಳಿಗ್ಗೆ ಎದ್ದು ಪ್ರಾರ್ಥಿಸಿ, ಕಣ್ಣು ಮುಚ್ಚಿ, ಸತ್ಯವೇದ ತೆರೆದು ಬೆರಳಿಡುವುದು.
ಬೆರಳು ಬಿದ್ದ ವಾಕ್ಯವೇ ಆ ದಿನದ ಅಪ್ಪಣೆ.
ನಮ್ಮಲ್ಲಿ ಹೀಗೆ ಮಾಡುವವರು ಬೇಕಾದಷ್ಟು ಜನ ಇದ್ದರು. ಆದರೆ ಅಪ್ಪಣೆಯನ್ನು ಸಂಜೆಯವರೆಗೆ ಅಕ್ಷರಶಃ ಪಾಲಿಸುತ್ತಿದ್ದವನು ಇವನೊಬ್ಬನೇ...

ಸರಿ. ಒಂದು ಭಾನುವಾರ ಬೈಕಲಾದಲ್ಲಿ ಹೆಣ್ಣು ನೋಡುವ ಕಾರ್ಯಕ್ರಮ.
ಹುಡುಗಿ ಸುಗುಣ. ಸಂಡೇ ಸ್ಕೂಲ್ ಟೀಚರ್.
ಇವನು ಅವಳನ್ನು ಕ್ರಿಸ್ಮಸ್ ಕ್ವಾಯರ್‌ನಲ್ಲಿ ಕಂಡಂದಿನಿಂದ ನಿದ್ದೆಯಲ್ಲೂ ಅವಳ ಆಲ್ಟೋ ಸ್ವರವನ್ನೇ ಹಾಡುತ್ತಿದ್ದ.
ಊರಿನಿಂದ ಹಿರಿಯರು ಬರಲಾಗಲಿಲ್ಲ. ಹಿರಿಯನಾಗಿ ಹೋದವನು ನಾನು... ಮೀಸೆ ಸರಿಯಾಗಿ ಬಂದಿರಲಿಲ್ಲ!

ತಟ್ಟೆ ಬಂತು. ಚಕ್ಕುಲಿ, ಕೋಡುಬಳೆ, ತುಪ್ಪದ ಕೇಕ್. ವಾರವಿಡೀ ಆ ಮನೆಯ ಒಲೆ ಆರಿಲ್ಲವೆಂದು ನೋಡಿದೊಡನೆ ಲೆಕ್ಕ ಹಾಕಿದೆ.
ಸುಗುಣ ಕಾಫಿ ತಂದಳು.
ಎಬ್ಬಣ್ಣ ಕೈ ಮುಗಿದ.
"ನನಗೆ ಬೇಡ."

ಹೆಣ್ಣು ನೋಡಲು ಹೋದ ಮನೆಯಲ್ಲಿ ಕಾಫಿ ಬೇಡವೆಂದರೆ, ಹೆಣ್ಣು ಬೇಡವೆಂದೇ ಅರ್ಥ.
ಅವಳ ಅಪ್ಪನ ಮುಖ ಬಿತ್ತು. ಅಜ್ಜಿ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡರು.
"ಎಂತ ಮಾರಾಯಾ ಇದು?" ಎಂದು ನಾನು ಪಿಸುಗುಟ್ಟಿದೆ.
"ಬೆಳಿಗ್ಗೆ ವಾಕ್ಯ ಬಂದಿದೆ. ಆ ಊರಲ್ಲಿ ತಿನ್ನಬಾರ್ದು, ಕುಡೀಬಾರ್ದು, ಹೋದ ದಾರಿಯಲ್ಲಿ ವಾಪಸ್ ಬರ್ಬಾರ್ದು. ಬಂದ ಲೋಕಲ್ ಟ್ರೈನ್ ಬೇಡ, ಟ್ರಾಮ್ ಹಿಡ್ದು ದಾದರ್‌ಗೆ ಹೋಗುವ. ಅಲ್ಲಿಂದ ಲಾರಿ ಸಿಕ್ಕಿದ್ರೆ ಲಾರಿ."
ಹಾಗೆನ್ನುವಾಗ ಅವನ ಕಣ್ಣು ತುಂಬಿತ್ತು. ಹುಡುಗಿ ಬೇಕು... ದೇವರ ಮಾತು ಮೀರಲಾರ.

ಮಾತು ಸುಗುಣಳ ಕಿವಿಗೂ ಬಿತ್ತು.
"ಅದು ಒಬ್ಬ ಪ್ರವಾದಿಗೆ ಹೇಳಿದ್ದಲ್ವಾ? ಬಂಗಾರದ ಕರು ನಿಲ್ಸಿದ ಊರಿಗೆ ಹೋಗುವಾಗ? ನಮ್ಮ ಮನೇಲಿ ಕರು ಎಲ್ಲುಂಟು?"
"ಆದ್ರೆ ಅವ ತಿಂದ. ದಾರಿಯಲ್ಲಿ ಸಿಂಹ ಕೊಂದಿತು," ಎಂದ ಎಬ್ಬಣ್ಣ.
"ಬೈಕಲಾದ ಸಿಂಹ ರಾಣಿ ಬಾಗ್‌ನಲ್ಲಿ ಝೂನ ಬೋನಿನೊಳಗೆ ಉಂಟು. ಕಾಫಿ ತಣೀತಾ ಉಂಟು."

ಅಜ್ಜಿ ನಕ್ಕರು. ಅಪ್ಪ ನಗಲಿಲ್ಲ.
ಎಬ್ಬಣ್ಣನೂ ನಗಲಿಲ್ಲ.
ಆಗ ಅವಳು ಮೆಲ್ಲಗೆ ಕೇಳಿದಳು, "ನನ್ನನ್ನೂ ಹೀಗೇ ನೋಡ್ಲಿಕ್ಕೆ ಬಂದದ್ದಾ? ಒಂದು ಗೆರೆ ನೋಡಿ ಎದ್ದು ಹೋಗ್ಲಿಕ್ಕೆ?"
ಮನೆಯ ಸತ್ಯವೇದ ತಂದು ಅವನ ಮುಂದಿಟ್ಟಳು.
"ಇಡೀ ಅಧ್ಯಾಯ ಓದಿ. ನಾವು ಕಾಯ್ತೇವೆ."

ಎಬ್ಬಣ್ಣಾ... ನೀನು ಅಂದು ಓದಿದ ಸ್ವರ ಈಗಲೂ ಕೇಳುತ್ತಿದೆ ಮಾರಾಯಾ.
ಮೊದಲು ನಡುಗುತ್ತಿತ್ತು. ಆಮೇಲೆ ನಿಧಾನವಾಯಿತು.
ಆ ಪ್ರವಾದಿ ತನಗೆ ದೇವರು ಹೇಳಿದ್ದನ್ನು ಬಿಟ್ಟು, ಯಾರೋ ಮುದುಕ ಹೇಳಿದ್ದನ್ನು ನಂಬಿ ಕೆಟ್ಟ ಎಂಬಲ್ಲಿ ನೀನು ನಿಂತೆ.
ಅದೇ ಜಾಗವನ್ನು ಮತ್ತೆ ಓದಿದೆ.
ಪುಸ್ತಕ ಮುಚ್ಚಿ ಹೇಳಿದೆ:
"ಇದು ಅವನಿಗೆ ಬಂದ ಟಪಾಲು. ನಾನು ಒಡ್ದು ನನ್ನದು ಅಂದ್ಕೊಂಡೆ."
ತಣಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದೆ...

ಅವಳ ಅಪ್ಪ ಕೇಳಿದರು, "ಮತ್ತೆ ಮುಲುಂಡಿಗೆ ಯಾವ ದಾರಿ?"
"ಬಂದ ದಾರಿಯೇ ಮಾಮ."
ಆ 'ಮಾಮ'ದಲ್ಲಿ ಮದುವೆ ಮುಗಿದೇ ಹೋಗಿತ್ತು. ಹಿರಿಯನಾಗಿ ಬಂದ ನನಗೆ ಚಕ್ಕುಲಿ ತಿನ್ನುವುದಷ್ಟೇ ಉಳಿದಿತ್ತು!

ಮರುದಿನದಿಂದ ಬೆರಳಿನಾಟ ಬಂದ್.
ದಿನಕ್ಕೊಂದು ಅಧ್ಯಾಯ, ಮೊದಲಿನಿಂದ ಸಾಲಾಗಿ, ಲೋಕಲ್ ಹಿಡಿಯುವ ಮುಂಚೆ. ಮದುವೆಯಾದ ಮೇಲೆ ಇಬ್ಬರೂ ಸರದಿಯಲ್ಲಿ.
ನಲ್ಲಿಯ ಹತ್ತಿರ ಪಕ್ಕದ ಕೋಣೆಯವರು ಬೈದ ದಿನ, ಕ್ಷಮೆಯ ಅಧ್ಯಾಯ ಓದಿ ಹೋಗಿ ಅವರದೇ ಕೊಡ ಹೊತ್ತುಕೊಟ್ಟ.
ಕೆಲವು ದಿನ ಬರೀ ವಂಶಾವಳಿಯ ಹೆಸರುಗಳು ಬರುತ್ತಿದ್ದವು.
"ಇವತ್ತು ಎಂತ ಸಿಕ್ಕಿತು ಎಬ್ಬಣ್ಣ?" ಎಂದು ಕೆಣಕುತ್ತಿದ್ದೆ.
"ಎಂತ ಸಿಕ್ಲಿಲ್ಲ. ನಿನ್ನೆಯದ್ದೇ ಇನ್ನೂ ಮಾಡಿ ಮುಗೀಲಿಲ್ಲ."

ವ್ಯಾಪಾರದಲ್ಲಿ ನಾನು ಬಹಳ ಮಂದಿಯನ್ನು ತೂಗಿ ನೋಡಿದ್ದೇನೆ.
ಬೆಳಿಗ್ಗೆ ಓದಿದ್ದೂ ಸಂಜೆ ಮಾಡಿದ್ದೂ ತಾಳೆಯಾಗುವವರು ಅಪರೂಪ.
ಇವನದು ತಾಳೆಯಾಗುತ್ತಿತ್ತು... ಆಗದ ದಿನ ತಾನೇ ಬಂದು ಹೇಳುತ್ತಿದ್ದ.

ಸಂಜೆ ಸುಗುಣ ಅತ್ತಿಗೆಗೆ ಫೋನ್ ಮಾಡಿದೆ. ಸಮಾಧಾನ ಹೇಳಲು ಬಾಯಿ ತೆರೆದರೆ, ನಾನು, ಮಾತಿನ ವ್ಯಾಪಾರಿ, ತಡವರಿಸಿದೆ.
ಅವರೇ ಹೇಳಿದರು:
"ಇವತ್ತು ಇವ್ರ ಸರದಿ ಇತ್ತು. ಓದ್ತಾ ಓದ್ತಾ ಅರ್ಧಕ್ಕೇ ಕಣ್ಣು ಮುಚ್ಚಿದ್ರು. ಮಕ್ಕಳು ಡಾಕ್ಟರನ್ನು ಕರೀಲಿಕ್ಕೆ ಓಡಿದ್ರು. ನಾನು ಕೈ ಹಿಡ್ಕೊಂಡು, ಉಳಿದರ್ಧ ಅವ್ರಿಗೆ ಕೇಳುವ ಹಾಗೆ ದೊಡ್ಡದಾಗಿ ಓದಿದೆ. ಅರ್ಧಕ್ಕೆ ಬಿಟ್ಟು ಎದ್ದು ಹೋಗ್ಲಿಕ್ಕೆ ನಾನು ಬಿಡ್ತೇನಾ?"

ಹೋಗಿ ಬಾ ಎಬ್ಬಣ್ಣಾ...
ಇಷ್ಟು ವರ್ಷ ನೀನು ಯಾರ ಮಾತು ಓದಿದೆಯೋ, ಆ ದೇವರ ಮನೆಯಲ್ಲೇ ನಿನ್ನ ಆತ್ಮ ತಂಪಾಗಿರಲಿ. 🙏