ಅಲಾನ್ಯೊ ಬಿಚ್ಚಿದ ಗಂಟು

ಯುದ್ಧಕಾಲದ ನಿರಾಶ್ರಿತರ ಶಿಬಿರದಲ್ಲಿ ಕಳೆದ ಹನ್ನೊಂದು ವರ್ಷವೂ ಅಲಾನ್ಯೊಗೆ ಬೀಳುತ್ತಿದ್ದದ್ದು ಒಂದೇ ಕನಸು: ತನ್ನೂರಿನ ಎಳ್ಳಿನ ಹೊಲ, ಮೊಣಕಾಲೆತ್ತರ ಬಿಳಿ ಹೂವು. ಊರಿಗೆ ಮರಳಿದ ಮೇಲೂ ಕನಸು ಬಿಡಲಿಲ್ಲ, ಹಗಲಲ್ಲೇ ಬರತೊಡಗಿತು. ಗುದ್ದಲಿ ಹಿಡಿದವಳು ನಡುಹೊಲದಲ್ಲಿ ಹಾಗೇ ನಿಂತುಬಿಡುತ್ತಿದ್ದಳು. ಇದು ಎಚ್ಚರವೋ ನಿದ್ದೆಯೋ ಎಂದು ಮಣ್ಣನ್ನು ಚಿವುಟಿ ನೋಡುತ್ತಿದ್ದಳು. ಒಬ್ಬನೇ ಮಗ ಓಜಾರ ಪೊಲೀಸ್ ಕೆಲಸಕ್ಕೆ ಸೇರಿ ದೂರದ ದಕ್ಷಿಣದಲ್ಲಿದ್ದ. ಆದರೂ ಊರಿಗೆಲ್ಲ ಅವಳು ಓಜಾರನ ಅವ್ವ. ನಮ್ಮಲ್ಲಿ ಮೊದಲ ಮಗು ಹುಟ್ಟಿದ ದಿನವೇ ಹೆಂಗಸಿನ ಹೆಸರು ಮೂಲೆ ಸೇರುತ್ತದೆ.

ಆ ವರ್ಷ ಕಬ್ಬಿನ ಕಂಪನಿಯೊಂದಕ್ಕೆ ಊರ ನೆಲ ಹೋಯಿತು, ಗಡಿಕಲ್ಲು ನೆಡಲು ಪೊಲೀಸರ ಜೊತೆ ಬರುತ್ತಾರೆ ಎಂಬ ಸುದ್ದಿ ಬಂತು. ಮಾವಿನ ಮರದಡಿ ಸಭೆ ಸೇರಿತು. ಗಂಡಸರು ಒಬ್ಬರ ಮೇಲೊಬ್ಬರು ಕೂಗಾಡಿದರು.

"ಬಾಣ ಬಿಡೋಣ. ಒಬ್ಬ ಬಿದ್ರೆ ಮಿಕ್ಕೋರು ಓಡ್ತಾರೆ," ಎಂದ ಅಲಾನ್ಯೊಳ ಮೈದುನನ ಮಗ ಓಕ್ವೇರ.

"ಅವರತ್ರ ಬಂದೂಕಿದೆ. ನಿಮ್ಮ ಒಂದು ಬಾಣ ಸಾಕು, ಊರು ಸುಡೋಕೆ ನೆಪ ಸಿಗುತ್ತೆ," ಎಂದಳು ಗುಲು ಪಟ್ಟಣದ ನೆಲದ ಹಕ್ಕಿನ ಸಂಘದಿಂದ ಬಂದಿದ್ದ ಲಮಾರೊ. "ಕೈ ಎತ್ತದೇನೇ ಗೆಲ್ಲಬೇಕು."

"ಹೌದಕ್ಕ, ನಿನ್ನ ಖಾಲಿ ಕೈ ನೋಡಿ ಕಂಪನಿಯೋರು ಗೊಳೋ ಅಂತ ಅಳ್ತಾರೆ!" ಎಂದು ಅಣಕಿಸಿದ ಓಕ್ವೇರ.

ಆಗ ಅಲಾನ್ಯೊಳ ವಾರಗಿತ್ತಿ ಅಕೋಟ್ ಬಾಯಿ ಬಿಟ್ಟಳು. "ನಾವು ಮುದುಕೀರು ಬಟ್ಟೆ ಬಿಚ್ತೀವಿ."

ನಮ್ಮಲ್ಲಿ ಹೆತ್ತ ಹೆಂಗಸು ಸಿಟ್ಟಿನಲ್ಲಿ ಬೆತ್ತಲೆ ನಿಂತರೆ ಎದುರಿನ ಗಂಡಸಿಗೆ ಶಾಪ ತಟ್ಟುತ್ತದೆ. ಪರರ ಮಗನಾದರೆ ಮುಖ ಮುಚ್ಚಿಕೊಂಡು ಓಡಿ ಉಳಿದುಕೊಳ್ಳಬಹುದು. ಸ್ವಂತ ಮಗನಿಗೆ ಆ ದಾರಿಯೂ ಇಲ್ಲ, ಎಲ್ಲಿ ಓಡಿದರೂ ಸಾಯುತ್ತಾನೆ. ಸೊಂಟದ ಬಟ್ಟೆಯ ಗಂಟು ಬಿಚ್ಚುವಾಗ ಆಡಿದ ಮಾತನ್ನು ಹಿಂದಕ್ಕೆ ಪಡೆಯುವಂತೆಯೂ ಇಲ್ಲ. ಎಲ್ಲರಿಗಿಂತ ಹಿರಿಯಳು ಮೊದಲು ಬಿಚ್ಚಬೇಕು. ಹಿರಿಯಳೆಂದರೆ ಅಲಾನ್ಯೊ.

ಲಮಾರೊಗೆ ಖುಷಿಯೋ ಖುಷಿ. "ಇದೇ ಅಹಿಂಸೆ! ಒಂದು ತೊಟ್ಟು ರಕ್ತ ಇಲ್ಲ."

"ಬಾಣ ಗುರಿ ತಪ್ಪಬಹುದು ಮಗಳೇ, ಇದರ ಗುರಿ ತಪ್ಪೋದಿಲ್ಲ," ಎಂದು ನಕ್ಕಳು ಅಲಾನ್ಯೊ. "ಪಟ್ಟಣದಲ್ಲಿ ಓದಿ ಅದೂ ಮರೆತೋಯ್ತಾ?"

ಮೂರನೆಯ ದಿನ ಬೆಳಿಗ್ಗೆ ಲಾರಿ ಬಂತು. ಎಳ್ಳು ಹೂಬಿಟ್ಟಿತ್ತು. ಕೆಂಪು ದೂಳಿನೊಳಗೆ ಪೊಲೀಸರು ಸದ್ದಿಲ್ಲದೆ, ನೀರಿನ ತಳದಲ್ಲಿ ನಡೆಯುವವರ ಹಾಗೆ ಇಳಿದರು. ನಾಲ್ಕನೆಯವನು ಓಜಾರ. ಜನರ ಭಾಷೆ ಬಲ್ಲವನು ಬೇಕೆಂದು ಅವನನ್ನು ಕರೆತಂದಿದ್ದರು. ತನ್ನ ಕನಸೇ ಸಮವಸ್ತ್ರ ತೊಟ್ಟು ಬಂದಂತೆ ಅಲಾನ್ಯೊ ನೋಡುತ್ತಲೇ ನಿಂತಳು.

"ಬೇಡವ್ವಾ. ಮನೆಗೆ ಹೋಗು," ಎಂದ.

"ನೀನು ಹೋಗಪ್ಪ. ಲಾರಿ ಹತ್ತು."

"ಹೆಂಗೆ ಹೋಗ್ಲಿ? ಹಿಂದೆ ಸಾಹೇಬ್ರಿದ್ದಾರೆ."

ಅವಳ ಹಿಂದೆ ಮೂವತ್ತು ಹೆಂಗಸರು ಸೊಂಟದ ಗಂಟಿಗೆ ಕೈಯಿಟ್ಟು ಕಾಯುತ್ತಿದ್ದರು. ಅವರ ಹಿಂದಿನ ಹುಲ್ಲಿನಲ್ಲಿ, ಹೆಂಗಸರಿಂದ ಆಗದಿದ್ದರೆ ನಾವಿದ್ದೇವೆ ಎಂದು ಓಕ್ವೇರ ಮತ್ತವನ ಗೆಳೆಯರು ಬಿಲ್ಲು ಹಿಡಿದು ಕೂತಿದ್ದರು. ಬಿಚ್ಚಿದರೆ ಮಗ ಸಾಯುತ್ತಾನೆ, ಬಿಚ್ಚದಿದ್ದರೆ ಬಾಣ ಹಾರುತ್ತದೆ, ಬಂದೂಕು ಉತ್ತರ ಕೊಡುತ್ತದೆ.

"ಎಲ್ಲರೂ ಕೇಳಿಸ್ಕೊಳ್ಳಿ!" ಗಂಟಿಗೆ ಕೈಹಾಕಿ ಕೂಗಿದಳು. "ಈ ಪೊಲೀಸಿನೋನು ಯಾರೋ ನಂಗೊತ್ತಿಲ್ಲ. ಇವನನ್ನ ನಾನು ಹೆತ್ತಿಲ್ಲ. ಇವನು ನನ್ನ ಹಾಲು ಕುಡಿದಿಲ್ಲ."

"ಅಯ್ಯೋ, ಏನಂದ್ಬಿಟ್ಟೆ ಅಕ್ಕ!" ಎಂದು ಅಕೋಟ್ ಬಾಯಿ ಮುಚ್ಚಿಕೊಂಡಳು.

"ಅವ್ವಾ!"

"ಓಡು ಪರರ ಮಗನೇ, ಮುಖ ಮುಚ್ಕೊಂಡು ಓಡು!"

ಬಟ್ಟೆ ಕೆಳಗೆ ಬಿತ್ತು. ಬೇರೆ ಯಾರದೋ ಮೈಯನ್ನು ದೂರದಿಂದ ನೋಡುತ್ತಿದ್ದೇನೆ ಅನ್ನಿಸಿತು ಅವಳಿಗೆ. ಉಳಿದ ಮೂವತ್ತೂ ಗಂಟುಗಳು ಬಿಚ್ಚಿದವು. ಪೊಲೀಸರು ಮುಖ ಮುಚ್ಚಿಕೊಂಡು ಎದ್ದೆವೋ ಬಿದ್ದೆವೋ ಎಂದು ಓಡಿದರು, ಸಾಹೇಬರೂ ಓಡಿದರು. ಓಜಾರ ಬಿಕ್ಕುತ್ತ ಎಲ್ಲರಿಗಿಂತ ಕಡೆಗೆ ಹತ್ತಿದ. ಲಾರಿ ಗಡಿಕಲ್ಲುಗಳ ಸಮೇತ ಹಿಂದಕ್ಕೆ ಹೋಯಿತು.

ಹುಡುಗರು ಕುಣಿದರು. ಲಮಾರೊ ಓಡಿಬಂದು ಅವಳಿಗೆ ಬಟ್ಟೆ ಹೊದಿಸಿದಳು.

"ಗೆದ್ವಿ ಅಜ್ಜಿ! ಯಾರಿಗೂ ಏನೂ ಆಗ್ಲಿಲ್ಲ!"

ಅಲಾನ್ಯೊ ರಸ್ತೆಯ ಕಡೆಗೇ ನೋಡುತ್ತಿದ್ದಳು. "ನಿಂಗೆ ಮಕ್ಕಳಿದಾರಾ?"

"ಇಲ್ಲ ಅಜ್ಜಿ."

"ನಂಗೂ ಇಲ್ಲ."