ಚಿಕ್ಕಮ್ಮನ ಕಿವಿ ಪರೀಕ್ಷೆ

ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರೆ. ನಮ್ಮ ಚಿಕ್ಕಮ್ಮನಿಗೆ ಇರಲಿಲ್ಲ. ಬಟ್ಟೆ ಗಿರಣಿಯಲ್ಲಿ ನಾಲ್ಕು ಮಗ್ಗಗಳ ನಡುವೆ ನಿಂತು ಇಪ್ಪತ್ತಾರು ವರ್ಷ ದುಡಿದವಳು. ಕೊನೆಯ ಹನ್ನೆರಡು ವರ್ಷ ಅವಳಿಗೆ ಆ ಮಗ್ಗಗಳ ಸದ್ದೂ ಕೇಳಿಸುತ್ತಿರಲಿಲ್ಲ. ಇದು ಗೊತ್ತಿದ್ದದ್ದು ನನಗೊಬ್ಬಳಿಗೆ. ಗಿರಣಿಯ ಗದ್ದಲದಲ್ಲಿ ಕಿವಿ ನೆಟ್ಟಗಿದ್ದವರೂ ಒಬ್ಬರ ತುಟಿ ಒಬ್ಬರು ನೋಡಿಯೇ ಮಾತು ತಿಳಿದುಕೊಳ್ಳುತ್ತಾರೆ. ಹಾಗಾಗಿ ಅವಳ ಕಿವುಡು ಅಲ್ಲಿ ಯಾರ ಗಮನಕ್ಕೂ ಬರಲಿಲ್ಲ. ಬಸ್ಸಿನ ಆಚೆ ತುದಿಯಲ್ಲಿ ಗಂಡ ಹೆಂಡತಿ ಜಗಳವಾಡಿದರೆ, ನಾವು ಇಳಿಯುವ ಮೊದಲೇ ನನಗೆ ಅವಳಿಂದ ಅದರ ಪೂರ್ತಿ ವರದಿ ಸಿಗುತ್ತಿತ್ತು.

ಆಮೇಲೆ ಹೊಸ ಮೇಸ್ತ್ರಿ ಬಂದ. ಹತ್ತಿಯ ದೂಳಿಗೆ ಹೆದರಿ ಮೂಗು ಬಾಯಿಗೆ ಮಾಸ್ಕ್ ಹಾಕಿಕೊಂಡೇ ಓಡಾಡುತ್ತಿದ್ದ ಪುಣ್ಯಾತ್ಮ. ಮಗ್ಗ ನಿಲ್ಲಿಸು ಎಂದು ಮೂರು ಸಲ ಕೂಗಿದನಂತೆ. ಇವಳು ನಿಲ್ಲಿಸಲಿಲ್ಲ, ನೂಲೆಲ್ಲ ಹರಿದು ಹಾಳಾಯಿತು. ಹೇಳಿದ ಮಾತು ಕೇಳಲಿಲ್ಲ ಎಂದು ಮರುದಿನವೇ ಅವಳನ್ನು ಕೆಲಸದಿಂದ ತೆಗೆದರು.

ದುಡಿಮೆಯಲ್ಲಿ ಕಿವಿ ಕಳೆದುಕೊಂಡವರಿಗೆ ಸರ್ಕಾರ ತಿಂಗಳ ಭತ್ಯೆ ಕೊಡುತ್ತದೆ. ಅದು ಸಿಕ್ಕರೆ ಮದುವೆಯಾಗದ ಚಿಕ್ಕಮ್ಮ ತನ್ನ ಒಂದು ಕೋಣೆಯ ಬಾಡಿಗೆ ಮನೆಯಲ್ಲೇ ಇರಬಹುದು. ಸಿಗದಿದ್ದರೆ ಅವಳ ಅಣ್ಣ, ಎಂದರೆ ನನ್ನ ಸೋದರಮಾವ, ಅವನ ಮನೆ ಸೇರಬೇಕು. "ಹಂಗಿನ ಅರಮನೆಗಿಂತ ಗುಡಿಸಲೇ ಮೇಲು ಕಣೇ" ಎಂದಳು. ನಾನು ಶಾಲೆಯ ಗುಮಾಸ್ತೆ. ಅರ್ಜಿ ತುಂಬಲು ಬರುತ್ತದೆ ಎಂಬ ಒಂದೇ ತಪ್ಪಿಗೆ ನಮ್ಮ ಮನೆತನದ ಅರ್ಜಿಗಳೆಲ್ಲ ನನ್ನ ತಲೆಗೇ ಕಟ್ಟಿದ್ದು. ಇದನ್ನೂ ತುಂಬಿದೆ, ಕಚೇರಿಗೆ ಮೂರು ಸಲ ಅಲೆದೆ, ನಾಲ್ಕನೆಯ ಸಲ ಪರೀಕ್ಷೆಗೆ ಕರೆದರು.

ಕಿವಿ ನೋಡುವ ಯಂತ್ರ ಕೆಟ್ಟು ಎರಡು ತಿಂಗಳಾಗಿದೆ, ಮಾತಾಡಿಸಿಯೇ ಬರೆದುಕೊಳ್ಳುತ್ತಾರೆ ಎಂದು ಬಾಗಿಲಲ್ಲಿದ್ದ ಜವಾನ ಮೊದಲೇ ಹೇಳಿದ್ದ. ಮುಖ ನೋಡಿ ಮಾತಾಡಿಸಿದರೆ ಇವಳು ಎಲ್ಲಕ್ಕೂ ಪಟಪಟ ಉತ್ತರ ಕೊಡುತ್ತಾಳೆ! ಹಿಂದಿನ ಸಂಜೆ ಅವಳನ್ನು ಕೂರಿಸಿ ಪಾಠ ಮಾಡಿದೆ.

"ನೆಲ ನೋಡ್ತಾ ಕೂತಿರು. ಅವರ ಬಾಯಿ ಕಡೆ ನೋಡಲೇಬೇಡ."

"ಮಾತಾಡೋರ ಮುಖ ನೋಡ್ದೆ ಇದ್ರೆ ಮರ್ಯಾದೆ ಅಲ್ವಲ್ಲೇ."

"ನಿನ್ನ ಮರ್ಯಾದೆ ಬಾಡಿಗೆ ಕಟ್ಟುತ್ತಾ?"

ಪರೀಕ್ಷೆಯ ಕೋಣೆಯಲ್ಲಿ ಒಬ್ಬ ಅಧಿಕಾರಿಣಿ ಇದ್ದಳು. ಹೆಸರು ಕೇಳಿದಳು, ವಯಸ್ಸು ಕೇಳಿದಳು, ಮೇಜು ತಟ್ಟಿದಳು. ಚಿಕ್ಕಮ್ಮ ಹೇಳಿಕೊಟ್ಟ ಹಾಗೆಯೇ ಕಾಲಬೆರಳು ನೋಡುತ್ತ ಕೂತಳು. ಅಧಿಕಾರಿಣಿ ಎದ್ದು ಕೋಣೆಯ ಆಚೆ ತುದಿಗೆ ಹೋಗಿ, ಅಲ್ಲಿ ಕೂತಿದ್ದ ಗುಮಾಸ್ತನ ಬಳಿ ಬಗ್ಗಿ ಏನೋ ಪಿಸುಗುಟ್ಟಿದಳು. ನನ್ನ ಎರಡು ಒಳ್ಳೆಯ ಕಿವಿಗೂ ಒಂದಕ್ಷರ ಬೀಳಲಿಲ್ಲ.

ಅಷ್ಟರಲ್ಲಿ ಚಿಕ್ಕಮ್ಮ ತಲೆ ಎತ್ತಿಬಿಟ್ಟಿದ್ದಳು.

"ಯಾರಮ್ಮಾ ನಾಟಕ ಆಡ್ತಿರೋದು?" ಎಂದು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. "ನಮ್ಮಂಥ ಮುದುಕಿಯರನ್ನ ದಿನಾ ನೋಡ್ತೀಯಾ? ನೋಡು, ಚೆನ್ನಾಗಿ ನೋಡು!"

ಆಚೆ ಕೂತಿದ್ದವನು ಮೊದಲು ನಕ್ಕ. ಅಧಿಕಾರಿಣಿ ನಗಲಿಲ್ಲ, ಬಂದು ಬರೆಯತೊಡಗಿದಳು. ಇವಳು ತುಟಿ ಓದುತ್ತಾಳೆ, ಗಿರಣಿಯವರೆಲ್ಲ ಓದುತ್ತಾರೆ ಎಂದು ನಾನು ಗೋಗರೆದೆ. "ಹಾಗಿದ್ರೆ ಇಷ್ಟು ಹೊತ್ತು ನೆಲ ಯಾಕೆ ನೋಡ್ತಿದ್ರು?" ಎಂದಳು. ಹನ್ನೆರಡು ಅಡಿ ದೂರದ ಪಿಸುಮಾತು ಕೇಳಿಸುತ್ತದೆ, ಭತ್ಯೆಗೆ ಅರ್ಹರಲ್ಲ ಎಂದು ಬರೆದು ಮೊಹರು ಒತ್ತಿದಳು. ಮರುಪರೀಕ್ಷೆ ಇಲ್ಲವಂತೆ.

ಹೊರಗೆ ಮೆಟ್ಟಿಲ ಮೇಲೆ ನಾನು ಬಾಯಿಗೆ ಬಂದಂತೆ ಬೈದೆ. ಕೈಗೆ ಬಂದ ತುತ್ತನ್ನು ನೀನೇ ಚೆಲ್ಲಿಕೊಂಡೆ ಎಂದೆ. ಅವಳು ಎಲ್ಲವನ್ನೂ ನನ್ನ ಮುಖ ನೋಡುತ್ತಲೇ ಕೇಳಿದಳು.

"ಹನ್ನೆರಡು ವರ್ಷ ಕಿವಿ ಇದೆ ಅಂತ ನಾಟಕ ಆಡ್ದೆ, ಒಬ್ರೂ ಹಿಡೀಲಿಲ್ಲ" ಎಂದಳು. "ಇಲ್ಲ ಅಂತ ಹೇಳೋಕೆ ಬಂದ ದಿನ ನಾಟಕ ಅಂದ್ರು. ಹೇಗೆ ಸುಮ್ನಿರ್ಲಿ?"

ನನಗೆ ಅವಳ ಮೇಲೆ ಸಿಟ್ಟು, ಆ ಹೆಂಗಸಿನ ಮೇಲೆ ಸಿಟ್ಟು, ಎಲ್ಲಕ್ಕಿಂತ ನನ್ನ ಪಾಠದ ಮೇಲೆ ಸಿಟ್ಟು. ನೆಲ ನೋಡು ಎಂದು ನಾನು ಹೇಳದೇ ಇದ್ದಿದ್ದರೆ ಕನಿಷ್ಠ ಅವಳು ಸುಳ್ಳಿ ಎನಿಸಿಕೊಳ್ಳುತ್ತಿರಲಿಲ್ಲ. ಅದನ್ನು ಅವಳಿಗೆ ನಾನು ಇವತ್ತಿಗೂ ಹೇಳಿಲ್ಲ.

ತಿಂಗಳ ಕೊನೆಗೆ ಕೋಣೆ ಬಿಟ್ಟು ಮಾವನ ಮನೆ ಸೇರಿದಳು. ಆ ಮನೆಯವರು ಜಾಣರು. ವಾರದೊಳಗೆ ಎಲ್ಲರೂ ಅವಳೆದುರು ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡಲು ಕಲಿತರು. ಊಟಕ್ಕೆ ಕರೆಯುವಾಗ ಮಾತ್ರ ಕೈ ತೆಗೆಯುತ್ತಿದ್ದರು.

ಹೋದ ಭಾನುವಾರ ನೋಡಲು ಹೋಗಿದ್ದೆ. ಅಡುಗೆಮನೆಯಲ್ಲಿ ಮಾವ ಗೋಡೆ ಕಡೆ ತಿರುಗಿ ಕೇಳಿದ, "ಇನ್ನೂ ಎಷ್ಟು ದಿನ ಇಟ್ಕೋಬೇಕು ನಾವು ಇವಳನ್ನ?" ನಾನೂ ಗೋಡೆ ಕಡೆ ತಿರುಗಿದೆ. "ಮಾಡಿದ್ದುಣ್ಣೋ ಮಹಾರಾಯ ಅಂತ ಆಯ್ತು ಮಾವ, ಏನ್ ಮಾಡೋದು" ಎಂದೆ.

ತಿರುಗಿ ನೋಡಿದರೆ ಚಿಕ್ಕಮ್ಮ ಬಾಗಿಲಲ್ಲಿ ನಿಂತಿದ್ದಳು.

"ಏನಂದೆ?" ಎಂದಳು.

ಇಷ್ಟು ವರ್ಷಗಳಲ್ಲಿ ಅವಳು ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು. ಏನಿಲ್ಲ ಚಿಕ್ಕಮ್ಮ ಎಂದೆ, ತುಟಿ ಚೆನ್ನಾಗಿ ಕಾಣುವ ಹಾಗೆ.